ಒಡಪು ಕೇಳಿ ಹೊರಡುತ್ತಿದ್ದ ಇಂಜಿನ್ನು

ಮೊನ್ನೆ ಮರಿಮಗನಿಗೆ ಎರೆಯುವ ದಿನ. ವಿದ್ಯಾನಗರದ ಮನೆಯ ಬಚ್ಚಲಲ್ಲಿ ಮೊಮ್ಮಗಳು ಔಡಲೆಣ್ಣೆಯ ಬಟ್ಟಲನ್ನು ಬಿಸಿನೀರಿನಲ್ಲಿ ಇಟ್ಟು ಕಾಯಿಸಿ ತಂದಳು. ಕೂಸು ನನ್ನ ಕಾಲ ಮೇಲೆ ಮಲಗಿ ಓಣಿಗೆಲ್ಲ ಕೇಳುವಂತೆ ಅಳುತ್ತಿತ್ತು. ನಾನು ಎಣ್ಣೆಯನ್ನು ಅಂಗೈಗೆ ಸುರಿದುಕೊಂಡವಳು ನೆತ್ತಿಗೆ ಹಚ್ಚುವುದು ಬಿಟ್ಟು ಮೂಗಿನ ಹತ್ತಿರ ಹಿಡಿದುಕೊಂಡು ಕೂತುಬಿಟ್ಟೆ. "ಯಾಕ ಆಯಿ, ಎಣ್ಣಿ ಕೆಟ್ಟೈತೇನು?" ಎಂದಳು ಮೊಮ್ಮಗಳು. ಎಣ್ಣೆ ಕೆಟ್ಟಿರಲಿಲ್ಲ. ಬಿಸಿ ಔಡಲೆಣ್ಣೆಯ ವಾಸನೆ ಬಂದರೆ ಉಳಿದ ಮುದುಕಿಯರಿಗೆ ಬಾಣಂತಿ ಕೋಣೆ ನೆನಪಾಗುತ್ತದೆ. ನನಗೆ ನೆನಪಾಗುವುದು ಒಂದು ಉಗಿ ಇಂಜಿನ್ನು, ಮತ್ತು ಅದರ ಮುಂದೆ ಚಕ್ರ ಹಿಡಿದು ನಿಂತ ದಾವಲಸಾಬ ಕಾಕಾ. ಇದನ್ನು ಹೇಳಿದರೆ ಮನೆಯವರು ನಗುತ್ತಾರೆ. ನಗಲಿ. ಆ ಬೇಸಿಗೆಯಲ್ಲಿ ನಾವು ನಕ್ಕದ್ದು ಇವರಿಗೆ ಗೊತ್ತಿಲ್ಲ.

ಅದು ಎರಡನೆಯ ಮಹಾಯುದ್ಧ ಸುರುವಾಗುವುದಕ್ಕೆ ಎರಡು ಮೂರು ವರ್ಷ ಮುಂಚಿನ ಮಾತು. ನನಗೆ ಹತ್ತೊಂಬತ್ತು. ಅಪ್ಪ ಸಣ್ಣ ಹತ್ತಿ ವ್ಯಾಪಾರಿ. ದಿನಾ ಲಿಂಗಪೂಜೆ ಮುಗಿಸದೆ ನೀರೂ ಕುಡಿಯದ ಮನುಷ್ಯ. ಅವರು ತೀರಿಕೊಂಡ ಮೇಲೆ ನಾನೂ ಅವ್ವನೂ ದೊಡ್ಡಪ್ಪನ ಆಸರೆಗೆ ಬಂದಿದ್ದೆವು. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು, ಅಕ್ಷರ ದುಂಡಗೆ ಬರೆಯುತ್ತಿದ್ದೆ, ಬಾಯಿ ಮಾತ್ರ ಅಷ್ಟು ದುಂಡಗಿರಲಿಲ್ಲ. ಗೋಕುಲ ರಸ್ತೆ ಅಂದರೆ ಆಗ ಗೋಕುಲ ಹಳ್ಳಿಗೆ ಹೋಗುವ ಮಣ್ಣಿನ ದಾರಿ. ಅದರ ಮಗ್ಗುಲಿಗೆ ಹತ್ತಿಯಿಂದ ಕಾಳು ಬಿಡಿಸುವ ಒಂದು ಗಿರಣಿ ಇತ್ತು. ಅಲ್ಲಿ ಹೆಣ್ಣುಮಕ್ಕಳ ಹಾಜರಿ ಹಿಡಿಯುವುದಕ್ಕೆ ಓದು ಬರುವ ಒಬ್ಬ ಹೆಣ್ಣುಮಗಳು ಬೇಕಾಗಿತ್ತು. ಹಿಂದಿನ ಕಾರಕೂನನಿಗೆ ಆ ಹೆಣ್ಣುಮಕ್ಕಳು ಸಾಕುಸಾಕು ಮಾಡಿ ಓಡಿಸಿದ್ದರು. ದೊಡ್ಡಪ್ಪ ಒಲ್ಲೆ ಅಂದರು, ಅವ್ವ ಮೂರು ದಿನ ಊಟ ಬಿಟ್ಟಳು, ನಾನು ಹಾಜರಿಬಾಯಿ ಆದೆ.

ಗಿರಣಿಯ ಉದ್ದನೆಯ ಪಡಸಾಲೆಯಲ್ಲಿ ಕಟ್ಟಿಯ ಮೇಲೆ ಕಾಳು ಬಿಡಿಸುವ ಇಪ್ಪತ್ನಾಲ್ಕು ಯಂತ್ರಗಳು, ಅಂದರೆ ಜಿನ್ನುಗಳು, ಎರಡು ಸಾಲಾಗಿ ಇದ್ದವು. ಒಂದೊಂದರ ಮುಂದೆ ಒಬ್ಬೊಬ್ಬ ಹೆಣ್ಣುಮಗಳು ಕೂತು ಬೊಗಸೆ ಬೊಗಸೆಯಾಗಿ ಹತ್ತಿ ಉಣಿಸುವಳು. ಆಚೆ ಅರಳೆ ಬೀಳುವುದು, ಕೆಳಗೆ ಕಾಳು ಉದುರುವುದು. ಕಟ್ಟಿಯ ಕೆಳಗೆ ಮಂದಿ ಬಗ್ಗಿ ಓಡಾಡುವಷ್ಟು ಒಂದು ಓಣಿ. ಅದರುದ್ದಕ್ಕೂ ಒಂದು ಕಬ್ಬಿಣದ ದಂಡ ತಿರುಗುತ್ತಿತ್ತು, ಅದರಿಂದ ಚರ್ಮದ ಪಟ್ಟಾಗಳು ಮೇಲೆ ಬಂದು ಜಿನ್ನುಗಳನ್ನು ತಿರುಗಿಸುತ್ತಿದ್ದವು. ದಂಡಕ್ಕೆ ಔಡಲೆಣ್ಣೆ ಹಾಕುವವನು ಫಕೀರಪ್ಪ, ಮೂವತ್ತರ ಹತ್ತಿರದವನು, ಸದಾ ಬಾಯಲ್ಲಿ ಏನಾದರೂ ಅಗಿಯುತ್ತಿದ್ದವನು. ಮಗ್ಗುಲ ಕೋಣೆಯಲ್ಲಿ ಇಂಜಿನ್ನು, ಅದರ ಡ್ರಾಯವರ ದಾವಲಸಾಬ ಕಾಕಾ. ಹಳೇ ಹುಬ್ಬಳ್ಳಿಯವರು, ಐವತ್ತು ದಾಟಿದ್ದರು. ಅವರ ಅಪ್ಪ ಬೀಗ ಮಾಡುವವರಂತೆ. ಇಂಜಿನ್ನಿನ ಹಿತ್ತಾಳೆಯನ್ನು ಅವರು ಒರೆಸುವುದು ನೋಡಿದರೆ ಮಗಳ ಮದುವೆಗೆ ತಯಾರಿ ನಡೆದಂತೆ ಇರುತ್ತಿತ್ತು.

ನನ್ನ ಕೆಲಸ ಹೊರಗಿನಿಂದ ಹಗುರ, ಒಳಗೆ ಹೈರಾಣ. ಇಪ್ಪತ್ನಾಲ್ಕು ಜನರಲ್ಲಿ ಐದು ಮಂದಿ ಬಸವ್ವ, ನಾಲ್ಕು ಮಂದಿ ನೀಲವ್ವ. ಗಂಡನ ಹೆಸರು ಬರೆದುಕೊಂಡರೆ ಗುರುತು ಹತ್ತುತ್ತದೆಂದು ಕೇಳಿದರೆ ಒಬ್ಬಳೂ ಬಾಯಿಬಿಡಲಿಲ್ಲ. ಗಂಡನ ಹೆಸರು ಹಿಡಿದು ಹೇಳುವುದು ಹೇಗೆ? ಪಕ್ಕದವಳು ಹೇಳಬೇಕು, ಇವಳು ನೆಲ ನೋಡಬೇಕು. ನಾನು ಕಡೆಗೆ ಕಪ್ಪು ಬಸವ್ವ, ಹಲ್ಲಿನ ಬಸವ್ವ, ಜಗಳದ ಬಸವ್ವ ಎಂದು ಬರೆದುಕೊಂಡೆ. ಜಗಳದ ಬಸವ್ವ ಅದಕ್ಕೂ ಜಗಳ ತೆಗೆದಳು. ಇವರಿಗೆಲ್ಲ ದೊಡ್ಡವಳು ತಿಪ್ಪವ್ವ, ಒಂದನೇ ಜಿನ್ನಿನವಳು. ಮ್ಯಾನೇಜರ್ ರಾಯರನ್ನೂ ಏಕವಚನದಲ್ಲಿ ಕರೆದು ದಕ್ಕಿಸಿಕೊಂಡ ಹೆಂಗಸು ಅವಳೊಬ್ಬಳೇ.

ಮುಂಜಾನೆ ಕೆಲಸ ಸುರುವಾಗುವಾಗಲೂ, ಮಧ್ಯಾಹ್ನದ ಊಟ ಮುಗಿದ ಮೇಲೂ ಗಿರಣಿಯ ಸೀಟಿ, ಅಂದರೆ ಭೋಂಗಾ, ಎರಡು ಸಲ ಕೂಗುತ್ತಿತ್ತು. ಮೊದಲನೆಯದಕ್ಕೆ ಎಲ್ಲರೂ ತಮ್ಮ ಜಾಗಕ್ಕೆ ಬರಬೇಕು, ಎರಡನೆಯದಕ್ಕೆ ಇಂಜಿನ್ನು ಹೊರಡುವುದು. ನಡುವೆ ಕಾಕಾ ಇಂಜಿನ್ ಕೋಣೆಯ ಸಣ್ಣ ಕಿಟಕಿಯಿಂದ ಮುಖ ಹಾಕಿ ನನ್ನನ್ನು ಕೇಳುತ್ತಿದ್ದರು: "ಎಲ್ಲಾರೂ ಅದಾರೇನವಾ?" ನಾನು ಹಾಜರಿ ಪುಸ್ತಕದ ಮೇಲೆ ಬೆರಳಾಡಿಸಿ, ಅದಾರ್ರಿ ಕಾಕಾ ಅನ್ನುತ್ತಿದ್ದೆ. ಅದು ನನ್ನ ಕೆಲಸವೇನೂ ಆಗಿರಲಿಲ್ಲ. ಕೇಳುವುದು ಅವರಿಗೆ ರೂಢಿ, ಹೇಳುವುದು ನನಗೆ ಹೆಮ್ಮೆ.

ಕಾಮಣ್ಣನ ಸುಟ್ಟು ಬಣ್ಣ ಆಡಿದ ಮೂರನೆಯ ದಿನ. ಎಲ್ಲರ ಕಿವಿಯ ಹಿಂದೆ ಇನ್ನೂ ಬಣ್ಣ ಉಳಿದಿತ್ತು. ಕಿಟಕಿಯಲ್ಲಿ ಕಾಕಾ ಕೇಳಿದರು, ಎಲ್ಲಾರೂ ಅದಾರೇನವಾ ಅಂತ. ನಾನು ಪುಸ್ತಕ ನೋಡಿದೆ. ಎಲ್ಲರ ಹೆಸರಿನ ಮುಂದೆ ಗುರುತು ಇತ್ತು, ಪಡಸಾಲೆಯಲ್ಲಿ ದುಡಿಯುವವನೆಂದು ನನ್ನ ಪುಸ್ತಕದಲ್ಲೇ ಸೇರಿಸಿಕೊಂಡಿದ್ದ ಫಕೀರಪ್ಪನ ಮುಂದೂ ಇತ್ತು. "ಎಲ್ಲಾರೂ ಅದಾರ್ರಿ ಕಾಕಾ" ಎಂದೆ. ಸುಳ್ಳಲ್ಲ. ಫಕೀರಪ್ಪ ಗಿರಣಿಯಲ್ಲೇ ಇದ್ದ. ಆದರೆ ಕಟ್ಟಿಯ ಕೆಳಗಿನ ಓಣಿಯಲ್ಲಿ, ದಂಡದ ಕೊನೆಯ ಕೀಲಿಗೆ ಎಣ್ಣೆ ಹಾಕಿ ಬಂದರಾಯಿತೆಂದು ಕೈ ಚಾಚಿದ್ದ. ಎರಡನೆಯ ಭೋಂಗಾ ಕೂಗಿತು. ಅಂಗಿಯ ತೋಳು ಪಟ್ಟಾಕ್ಕೆ ಸಿಕ್ಕಿತು. ಅವನ ಕೂಗು ಕೇಳಿ ಕಾಕಾ ಇಂಜಿನ್ನು ನಿಲ್ಲಿಸುವಷ್ಟರಲ್ಲಿ ಎಡಗೈ ಹೋಗಿಬಿಟ್ಟಿತ್ತು. ಅವನನ್ನು ಹೊರಗೆ ಎಳೆದು ತಂದವರೂ ಕಾಕಾನೇ. ಎಣ್ಣೆಯ ಡಬ್ಬಿ ಉರುಳಿ ಓಣಿಯೆಲ್ಲ ಔಡಲೆಣ್ಣೆಯಾಗಿತ್ತು. ಅದರ ವಾಸನೆ ನನ್ನ ಸೀರೆಯಿಂದ ಎಷ್ಟು ಸಲ ಒಗೆದರೂ ಹೋಗಲಿಲ್ಲ.

ಫಕೀರಪ್ಪ ಉಳಿದ. ಉಳಿದದ್ದಷ್ಟೇ ಅಲ್ಲ, ಆಸ್ಪತ್ರೆಯಲ್ಲಿ ಹತ್ತನೆಯ ದಿನಕ್ಕೆ ಎದ್ದು ಕೂತು, ಗಂಜಿ ಒಲ್ಲೆ, ಚುರಮುರಿ ತರ್ರಿ ಎಂದು ನರ್ಸಬಾಯಿಯ ಹತ್ತಿರ ಹಟ ಹಿಡಿದ. ನಾವು ನೋಡಲು ಹೋದರೆ ಅವನೇ ನಮ್ಮನ್ನು ಸಮಾಧಾನ ಮಾಡಿ ಕಳಿಸಿದ. ಕೈ ಹೋದವನು ಹೀಗೆ. ಎರಡೂ ಕೈ ಇದ್ದ ದಾವಲಸಾಬ ಕಾಕಾನಿಗೆ ಮಾತ್ರ ಚಹಾದ ಬಟ್ಟಲು ಎತ್ತಲು ಆಗದಂತಾಯಿತು.

ಅದನ್ನು ನಾವೆಲ್ಲ ಕಣ್ಣಾರೆ ಕಂಡೆವು. ಐದನೆಯ ದಿನ ಗಿರಣಿ ತೆರೆದಾಗ ಅವರು ಎಂದಿನಂತೆ ಬಂದರು, ಇಂಜಿನ್ನು ಒರೆಸಿದರು, ಬಾಯ್ಲರಿನಲ್ಲಿ ಉಗಿ ಏರಿತು, ಭೋಂಗಾ ಕೂಗಿತು. ಉಗಿ ಬಿಡುವ ಚಕ್ರದ ಮೇಲೆ ಕೈ ಇಟ್ಟರು. ಇಟ್ಟ ಕೈ ನಡುಗಲು ಹತ್ತಿತು, ಆಮೇಲೆ ತೋಳು, ಆಮೇಲೆ ಇಡೀ ಮೈ. ಮೈಯೆಲ್ಲ ಬೆವರಿ ಅಲ್ಲೇ ಕುಸಿದು ಕೂತರು. ಮರುದಿನವೂ ಹಾಗೇ. ಮೂರನೆಯ ದಿನ ಗಿರಣಿಯ ಬಾಗಿಲಿನವರೆಗೆ ಬಂದು, ಔಡಲೆಣ್ಣೆಯ ವಾಸನೆ ಬಂದದ್ದೇ ತಿರುಗಿ ಮನೆಗೆ ಹೋದರು. ಕೆಲವರು ಗಾಳಿ ಸೋಕಿದೆ ಎಂದರು, ಕೆಲವರು ವಯಸ್ಸಾಯಿತು ಎಂದರು. ಆ ಕಾಲದಲ್ಲಿ ಇಂಥದಕ್ಕೆ ಹೆಸರಿರಲಿಲ್ಲ.

ಮ್ಯಾನೇಜರ್ ರಾಯರು ಕೆಟ್ಟವರಲ್ಲ, ಹೆದರುಪುಕ್ಕರು. ಮುಂಬಯಿಯಲ್ಲಿದ್ದ ಮಾಲಕರ ಕಾಗದ ಬಂದರೆ ಒಡೆಯುವ ಮೊದಲು ಎರಡು ಸಲ ಕಣ್ಣು ಮುಚ್ಚುತ್ತಿದ್ದರು. ಬಯಲಿನಲ್ಲಿ ಹತ್ತಿಯ ಗುಡ್ಡ ಬಿದ್ದಿತ್ತು, ಮಳೆಗಾಲದೊಳಗೆ ಮುಗಿಯಬೇಕು. ನೆರೆಯ ಗಿರಣಿಯ ಡ್ರಾಯವರ ಮುಂಜಾನೆ ಮಾತ್ರ ಬಂದು ನಡೆಸುವುದಕ್ಕೆ ಒಪ್ಪಿದ. ರಾಯರು ಎಂಟು ದಿನ ಅಂದರು. ಎಂಟು ದಿನದಲ್ಲಿ ದಾವಲಸಾಬ ಚಕ್ರ ತಿರುಗಿಸಿದರೆ ಸರಿ, ಇಲ್ಲವಾದರೆ ಗದಗಿನಿಂದ ಬೇರೆಯವನು ಬರುತ್ತಾನೆ. ಇಪ್ಪತ್ತೆರಡು ವರ್ಷ ಆ ಇಂಜಿನ್ನಿನ ಮುಂದೆ ನಿಂತವರಿಗೆ ಅದನ್ನು ಬಿಟ್ಟರೆ ಮನೆಯಲ್ಲಿ ಗೋಡೆ ನೋಡುತ್ತ ಕೂಡುವುದೇ ಉಳಿದದ್ದು.

ಗೋಡೆ ನೋಡುತ್ತಲೇ ಕೂತಿದ್ದರು. ತಿಪ್ಪವ್ವ ಹೋಗಿ ನೋಡಿಬಂದು ಹೇಳಿದಳು: ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂಡುತ್ತಾನೆ, ಕೈಯ ಮೇಲೆ ಸಿಟ್ಟು ಮಾಡಿದವನ ಹಾಗೆ; ಹೆಂಡತಿ ಮಾಬೂಬಿ ತುತ್ತು ಮಾಡಿ ಉಣಿಸುತ್ತಾಳೆ. ನಾವೆಲ್ಲ ಹೋಗಿ ಧೈರ್ಯ ಹೇಳೋಣ ಎಂದೆ ನಾನು. ತಿಪ್ಪವ್ವ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಧೈರ್ಯ ಹೇಳಾಕ ಮಂದಿ ಬಾಳ ಅದಾರ. ಯಾರೂ ಅವನ್ನ ಹೆಂಗದೀ ಅಂತ ಕೇಳಬ್ಯಾಡ್ರಿ. ಮನ್ಯಾಗ ಮುರದದ್ದು ಏನೈತಿ ಅದನ್ನ ತಗೊಂಡ ಹೋಗ್ರಿ."

ಇದು ಅವಳು ಎಲ್ಲಿ ಕಲಿತ ವಿದ್ಯೆಯೋ ಗೊತ್ತಿಲ್ಲ. ಅವಳ ಗಂಡ ಹಿಂದೊಮ್ಮೆ ಬಾವಿ ಕುಸಿದು ಗೆಳೆಯನನ್ನು ಕಳೆದುಕೊಂಡು ಆರು ತಿಂಗಳು ಮಾತು ಬಿಟ್ಟಿದ್ದನಂತೆ. ಅದೊಂದನ್ನೇ ಹೇಳಿದಳು, ಹೆಚ್ಚಿಗೆ ಹೇಳಲಿಲ್ಲ. ಮರುದಿನದಿಂದ ಹಳೇ ಹುಬ್ಬಳ್ಳಿಯಲ್ಲಿ ಕಾಕಾನ ಮನೆಯ ಸಣ್ಣ ಓಣಿ ನೋಡುವಂತಾಯಿತು. ಮಧ್ಯಾಹ್ನ ಗಿರಣಿ ನಿಂತದ್ದೇ ನಮ್ಮ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಹೊರಡುವರು. ಒಬ್ಬಳ ಕೈಯಲ್ಲಿ ತೆರೆಯದ ಬೀಗ, ಒಬ್ಬಳ ಕೈಯಲ್ಲಿ ಕಿವಿ ಹೋದ ಕೊಡ, ಒಬ್ಬಳ ತಲೆಯ ಮೇಲೆ ಕಾಲು ಮುರಿದ ತೊಟ್ಟಿಲು. ಮುರಿದದ್ದು ಮುಗಿದ ಮೇಲೆ ಇದ್ದದ್ದನ್ನೇ ಮುರಿದು ತಂದರು. ಜಗಳದ ಬಸವ್ವ ತನ್ನ ಕಂದೀಲಿನ ಹಿಡಿಕೆಯನ್ನು ಬಂಡೆಗೆ ಬಡಿದು ಕಿತ್ತದ್ದು ನಾನೇ ನೋಡಿದ್ದೇನೆ. ಕಾಕಾ ಮೊದಲ ದಿನ ಎಲ್ಲವನ್ನೂ ಮೂಲೆಗೆ ಇಡಿಸಿದರು. ಎರಡನೆಯ ದಿನ ಮಾಬೂಬಿ, ಈ ಸಾಮಾನು ಸರಿಸದೆ ನಾನು ಒಲೆಯ ಹತ್ತಿರ ಹೋಗಲಾರೆ ಎಂದು ಹಟ ಮಾಡಿದಳು. ಮೂರನೆಯ ದಿನ ತೊಡೆಯ ಕೆಳಗಿನಿಂದ ಒಂದು ಕೈ ಹೊರಗೆ ಬಂದು ಬೀಗವೊಂದನ್ನು ಎತ್ತಿಕೊಂಡಿತು. ನಾಲ್ಕನೆಯ ದಿನ ಎರಡೂ ಕೈ ಬಂದವು. ಕಂದೀಲು ನೋಡಿ, ಇದು ತಾನಾಗಿ ಮುರಿದದ್ದಲ್ಲ ಎಂದು ಅವರು ಮೊದಲ ಸಲ ನಕ್ಕರಂತೆ.

ಎಲ್ಲರೂ ಹೋಗಿಬಂದರು, ನಾನೊಬ್ಬಳು ಹೋಗಿರಲಿಲ್ಲ. ನನ್ನ ಹತ್ತಿರ ಮುರಿದದ್ದು ಇತ್ತು, ಆದರೆ ಅದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಲು ಬರುತ್ತಿರಲಿಲ್ಲ. ಎಲ್ಲಾರೂ ಅದಾರ ಅಂತ ಹೇಳಿದವಳು ನಾನು. ಅದನ್ನು ಕೇಳಿ ಚಕ್ರ ತಿರುಗಿಸಿದವರು ಅವರು. ರಾಯರು ವಿಚಾರಣೆ ಮಾಡಿದಾಗ ನಿಮಗೆ ಯಾರು ಹೇಳಿದರು ಎಂದು ಅವರನ್ನು ಕೇಳಿದ್ದರು. ಯಾರೂ ಹೇಳಲಿಲ್ಲ, ನಾನೇ ಇಂಜಿನ್ನು ಬಿಟ್ಟೆ ಎಂದು ಅವರು ಬರೆಸಿದ್ದರು. ಆ ಕಾಗದವನ್ನು ದುಂಡಗಿನ ಅಕ್ಷರದಲ್ಲಿ ಬರೆದವಳೂ ನಾನೇ. ಬರೆದೆ, ಮಸಿ ಒಣಗಿಸಿದೆ, ಸುಮ್ಮನಿದ್ದೆ. ಬಾಯಿಬಡಕಿ ಎಂದು ಹೆಸರಾದವಳು ಆ ಒಂದು ಗಳಿಗೆ ಮೂಕಳಾದೆ. ನೆನಸಿಕೊಂಡರೆ ಇಂದಿಗೂ ನಾಚಿಕೆಯಾಗುತ್ತದೆ.

ಆರನೆಯ ದಿನ ಹೋದೆ. ಬರಿಗೈಯಲ್ಲಿ. ಕಾಕಾ ಅಂಗಳದಲ್ಲಿ ಕೂತು ತೊಟ್ಟಿಲಿಗೆ ಮೊಳೆ ಹೊಡೆಯುತ್ತಿದ್ದರು. ಕೈ ಇನ್ನೂ ನಡುಗುತ್ತಿತ್ತು, ಮೂರು ಏಟಿಗೆ ಒಂದು ಬೀಳುತ್ತಿತ್ತು. ನೀನೇನು ತಂದೀ ಎಂದು ಕೇಳಿದರು. ನಾನು ಕೂತೆ, ಎಲ್ಲವನ್ನೂ ಹೇಳಿದೆ, ಹೇಳುತ್ತ ಹೇಳುತ್ತ ಸೆರಗು ಒದ್ದೆಯಾಯಿತು. ಪುಸ್ತಕ ನೋಡಿ ಹೇಳಿದೆ, ಕಟ್ಟಿಯ ಕೆಳಗೆ ನೋಡಿ ಹೇಳಲಿಲ್ಲ ಎಂದೆ. ರಾಯರಿಗೆ ನಾಳೆಯೇ ಹೇಳುತ್ತೇನೆ ಎಂದೆ.

ಅವರು ಸುತ್ತಿಗೆ ಕೆಳಗಿಟ್ಟರು. "ನನಗ ಗೊತ್ತಿಲ್ಲೇನವಾ ನೀ ಹೇಳಿದ್ದು? ನಿನ್ನ ಹೆಸರ ತಗೊಂಡಿದ್ರ ನಿಮ್ಮ ದೊಡ್ಡಪ್ಪ ಮರುದಿನಾನ ನಿನ್ನ ಮನ್ಯಾಗ ಕುಂಡ್ರಸ್ತಿದ್ರು. ಮತ್ತ ನೀ ಖರೇನ ಹೇಳಿದಿ. ಎಲ್ಲಾರೂ ಇದ್ರು. ನಾ ಅದಾರೇನು ಅಂತ ಕೇಳಿದೆ, ಎಲ್ಲಿ ಅದಾರ ಅಂತ ಕೇಳಲಿಲ್ಲ."

ಮಾಬೂಬಿ ಒಳಗಿನಿಂದ ನೀರು ತಂದುಕೊಟ್ಟು ನನ್ನ ಬೆನ್ನು ಸವರಿದಳು. ಕಾಕಾ ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತ ಹೇಳಿದರು: ಚಕ್ರದ ಮೇಲೆ ಕೈ ಇಟ್ಟೊಡನೆ ಕೆಳಗೆ ಯಾರೋ ಇದ್ದಾರೆ ಅನಿಸುತ್ತದೆ. ಇಳಿದು ನೋಡಿ ಬರುತ್ತೇನೆ, ಯಾರೂ ಇರುವುದಿಲ್ಲ. ಮತ್ತೆ ಕೈ ಇಟ್ಟರೆ ಮತ್ತೆ ಇದ್ದಾರೆ. "ಎಲ್ಲಾರೂ ಹೊರಗದಾರ ಅಂತ ನನಗ ಯಾರ ಹೇಳಬೇಕವಾ? ಯಾರ ಹೇಳಿದ್ರ ನಾ ನಂಬಲಿ?"

"ಅವರವರ ಹೇಳಲಿ ಕಾಕಾ" ಎಂದೆ. ಯೋಚಿಸಿ ಅಂದದ್ದಲ್ಲ, ಬಾಯಿಗೆ ಬಂತು, ಅಂದೆ. "ನಾ ಪುಸ್ತಕ ನೋಡಿ ಹೇಳೂದು ಬ್ಯಾಡ. ಒಬ್ಬೊಬ್ಬಾಕಿ ತನ್ನ ಜಾಗಾದಾಗ ಕುಂತು ನಾ ಇಲ್ಲೇ ಅದೀನಿ ಅಂತ ಕೂಗಲಿ. ದನಿ ಬರೂತನಕ ನೀವು ಚಕ್ರ ಮುಟ್ಟಬ್ಯಾಡ್ರಿ."

ಅವರು ಸುತ್ತಿಗೆ ಎತ್ತಿಕೊಂಡು ಮೊಳೆಗೆ ಹೊಡೆದರು. ಏಟು ನೆಟ್ಟಗೆ ಬಿತ್ತು.

ರಾಯರಿಗೆ ನಾನು ನನ್ನ ತಪ್ಪನ್ನೂ ಹೇಳಿದೆ, ಈ ಉಪಾಯವನ್ನೂ ಹೇಳಿದೆ. ತಪ್ಪಿಗೆ ಅವರು ಬೈಯಲಿಲ್ಲ. ಕಾಗದ ಒಮ್ಮೆ ಮುಂಬಯಿಗೆ ಹೋದ ಮೇಲೆ ಮತ್ತೊಂದು ಬರೆಯುವುದು ಅವರಿಂದ ಆಗದ ಮಾತು. ಉಪಾಯಕ್ಕೆ ಮಾತ್ರ ಗಾಬರಿಯಾದರು. ಇಪ್ಪತ್ನಾಲ್ಕು ಹೆಂಗಸರು ಕೂಗುವುದೆಂದರೆ ಹೊತ್ತೆಷ್ಟು ಹೋಗುತ್ತದೆ ಎಂದು ಕಿಸೆಯ ಗಡಿಯಾರ ತೆಗೆದರು. "ನೀ ದಿನಾ ಅಡಕಿ ಹುಡುಕೂದಕ್ಕ ಇದಕ್ಕಿಂತ ಹೆಚ್ಚು ಹೊತ್ತು ಹೋಗತೈತಿ" ಎಂದಳು ತಿಪ್ಪವ್ವ. ಗಡಿಯಾರ ಕಿಸೆಗೆ ಹೋಯಿತು.

ಏಳನೆಯ ದಿನ ಕಾಕಾ ಬಂದರು. ಬಾಗಿಲಲ್ಲಿ ಒಂದು ಗಳಿಗೆ ನಿಂತರು, ಮಾಬೂಬಿ ಜೊತೆಗೆ ಬಂದಿದ್ದಳು, ಅವಳ ಕೈ ಹಿಡಿದು ಒಳಗೆ ಕಾಲಿಟ್ಟರು. ಉಗಿ ಏರಿತು. ಮೊದಲ ಭೋಂಗಾ ಆಯಿತು. ಇಂಜಿನ್ ಕೋಣೆಯ ಬಾಗಿಲು ತೆರೆದಿಟ್ಟೆವು. ಜಿನ್ನಿನ ನಂಬರು ಕೂಗಿದರೆ ಸುಲಭ ಎಂದರು ರಾಯರು. ಕಾಕಾ ತಲೆ ಅಲ್ಲಾಡಿಸಿದರು. "ನಂಬರ ಕಬ್ಬಣದ್ದು ಸಾಹೇಬ್ರ. ಅವತ್ತೂ ಎಲ್ಲಾ ನಂಬರ ಜಾಗಾದಾಗ ಇದ್ದೂ. ನನಗ ಮನಷಾರ ದನಿ ಬೇಕ್ರಿ."

ಹೆಸರು ಕೂಗಿದರು. "ತಿಪ್ಪವ್ವ ಅದೀನಿ" ಎಂಬುದು ಚೆನ್ನಾಗಿ ಬಂತು. "ಬಸವ್ವ ಅದೀನಿ" ಎಂದು ಒಬ್ಬಳು ಕೂಗಿದಳು, ಇನ್ನೊಬ್ಬಳು, ಮತ್ತೊಬ್ಬಳು. ಕಾಕಾನ ಮುಖ ಬಿಳಿಚಿಕೊಂಡಿತು. ಯಾವ ಬಸವ್ವ? ಮೂವರೋ, ಒಬ್ಬಳೇ ಮೂರು ಸಲವೋ? ಐವರಲ್ಲಿ ಇಬ್ಬರು ಕೆಳಗಿದ್ದರೆ? ಚಕ್ರದ ಮೇಲಿನ ಕೈ ನಡುಗಲು ಹತ್ತಿತು. ನಾನು ಸಾಲಿನ ಕಡೆ ತಿರುಗಿ, ಗಂಡಂದಿರ ಹೆಸರು ಸೇರಿಸಿ ಹೇಳ್ರೆವಾ, ನಿಮ್ಮ ಕಾಲು ಮುಗೀತೀನಿ ಎಂದೆ. ಎಲ್ಲರೂ ನೆಲ ನೋಡಿದರು. ಒಬ್ಬ ಮನುಷ್ಯನ ಜೀವಮಾನದ ಕೆಲಸ ಹೋಗುತ್ತಿರುವಾಗಲೂ ಇವರಿಗೆ ಗಂಡನ ಹೆಸರು ಬಾಯಲ್ಲಿ ಬರದು. ಸಿಟ್ಟಿನಿಂದ ನನಗೆ ಅಳು ಬಂತು.

ಆಗ ಹಲ್ಲಿನ ಬಸವ್ವ, ಯಾವತ್ತೂ ಗಟ್ಟಿಯಾಗಿ ಮಾತಾಡದವಳು, ಬಾಯಿಗೆ ಸೆರಗು ಹಿಡಿದುಕೊಂಡು ರಾಗವಾಗಿ ಹೇಳಿದಳು:

"ಬಿಳೀ ಜ್ವಾಳದ ರೊಟ್ಟಿ ಮ್ಯಾಲ ಒಂದೀಟು ಕೆನಿ,
ಈರಪ್ಪನ ಹೇಣ್ತಿ ನಾ ಇಲ್ಲೇ ಅದೀನಿ."

ಒಡಪು. ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ ಗಂಡನ ಹೆಸರನ್ನು ಪದ್ಯದೊಳಗೆ ಮುಚ್ಚಿ ಹೇಳಲು ನಮ್ಮ ಕಡೆ ಹುಡುಗಿಯರು ಕಲಿಯುವ ಒಡಪು. ಹಾಗೆ ಹೇಳಿದರೆ ಹೆಸರು ಹೇಳಿದ ಹಾಗೂ ಆಯಿತು, ಹೇಳದ ಹಾಗೂ ಆಯಿತು. ಇಡೀ ಸಾಲಿಗೆ ದಾರಿ ಸಿಕ್ಕಿತು. ಮೊದಲು ಇಬ್ಬರು ಮೂವರು ತಡವರಿಸಿದರು, ಆಮೇಲೆ ಒಬ್ಬರ ಬೆನ್ನಿಗೊಬ್ಬರು ಸುರುಮಾಡಿದರು. ಜಗಳದ ಬಸವ್ವ ತನ್ನ ಸರದಿ ಬಂದಾಗ ಎದ್ದು ನಿಂತು, ಸೊಂಟಕ್ಕೆ ಕೈ ಇಟ್ಟು:

"ಬದನೀಕಾಯಿ ಪಲ್ಯಾ ಮಾಡೀನಿ, ಗುರಪ್ಪ ಎರಡ ದಿನದಿಂದ ಮಾತಾಡಿಲ್ಲ,
ಹನ್ನೊಂದನೇ ಜಿನ್ನ ಬಿಟ್ಟು ನಾ ಎಲ್ಲೂ ಹೋಗಿಲ್ಲ."

ಹೊರಗೆ ಹತ್ತಿ ಹೊರುತ್ತಿದ್ದ ಗಂಡಸರಲ್ಲಿ ಗುರಪ್ಪನೂ ಇದ್ದ. ಅವರೆಲ್ಲ ಹೋ ಎಂದು ನಕ್ಕರು. ಇಂಜಿನ್ ಕೋಣೆಯಲ್ಲಿ ಕಾಕಾನ ಗಡ್ಡ ಅಲುಗಿದ್ದು ನಾನು ನೋಡಿದೆ. ಪ್ರತಿ ದನಿಗೂ ಅವರು ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದರು, ಆ ಹೆಣ್ಣುಮಗಳನ್ನು ಅವಳ ಜಾಗದಲ್ಲಿ ಕೂಡಿಸಿದಂತೆ. ಇಪ್ಪತ್ನಾಲ್ಕೂ ಬಂದವು. ಎರಡನೆಯ ಭೋಂಗಾ ಕೂಗಿತು. ಕೈ ಚಕ್ರದ ಮೇಲೆ ಇತ್ತು. ಆದರೂ ತಿರುಗಲಿಲ್ಲ.

ನನಗೆ ತಿಳಿಯಿತು. ಕಟ್ಟಿಯ ಮೇಲಿನವರೆಲ್ಲ ಹೇಳಿದರು. ಕೆಳಗಿನ ಓಣಿಯಿಂದ ಯಾರು ಹೇಳಬೇಕು? ರಾಯರು ಗಡಿಯಾರಕ್ಕೆ ಕೈ ಹಾಕಿದರು. ಆಗ ಅಂಗಳದ ಕಡೆಯ ಬಾಗಿಲಿನಿಂದ, ಬಾಯಲ್ಲಿ ಏನನ್ನೋ ಅಗಿಯುತ್ತಲೇ ಒಂದು ದನಿ ಬಂತು.

"ನಾ ಹೊರಗದೀನಿ ಕಾಕಾ. ಚುರಮುರಿ ತಿನ್ನಾಕತ್ತೇನಿ. ನೀವು ಬಿಡ್ರಿ."

ಫಕೀರಪ್ಪ. ಎಡಗಡೆಯ ಖಾಲಿ ತೋಳನ್ನು ಅಂಗಿಗೆ ಸಿಕ್ಕಿಸಿಕೊಂಡು ನಿಂತಿದ್ದ. ಇವನನ್ನು ಕರೆತರಲು ತಿಪ್ಪವ್ವ ಮುಂಜಾನೆಯೇ ತನ್ನ ಮಗನನ್ನು ಟಾಂಗಾ ಕೊಟ್ಟು ಆಸ್ಪತ್ರೆಗೆ ಕಳಿಸಿದ್ದಳಂತೆ, ನಮಗೆ ಯಾರಿಗೂ ಹೇಳಿರಲಿಲ್ಲ. ಕಾಕಾ ಬಾಗಿಲಿನ ಕಡೆ ನೋಡಿದರು. ಅವನ ಮುಖ, ಅವನ ಖಾಲಿ ತೋಳು, ಮತ್ತೆ ಅವನ ಮುಖ. ಆಮೇಲೆ ಬಿಸ್ಮಿಲ್ಲಾ ಎಂದು ಚಕ್ರ ತಿರುಗಿಸಿದರು. ಕೆಳಗೆ ದಂಡ ಗುಡುಗಿತು, ಪಟ್ಟಾಗಳು ಸಳಸಳ ಹರಿದವು, ಇಪ್ಪತ್ನಾಲ್ಕು ಜಿನ್ನುಗಳು ಒಟ್ಟಿಗೆ ಎದ್ದವು. ಆ ಗದ್ದಲದಲ್ಲಿ ಯಾರು ಅತ್ತರು ಯಾರು ನಕ್ಕರು ಯಾರಿಗೂ ಕೇಳಲಿಲ್ಲ.

ಆಮೇಲಿನ ಎರಡೂವರೆ ತಿಂಗಳು ನನ್ನ ಜೀವಮಾನದಲ್ಲೇ ಹಗುರವಾದವು. ಬಿಸಿಲು ಸುಡುತ್ತಿತ್ತು, ಅರಳೆ ಹಾರಿ ನಮ್ಮ ಹುಬ್ಬುಗಳೆಲ್ಲ ಬೆಳ್ಳಗಾಗುತ್ತಿದ್ದವು, ಆದರೂ ದಿನಕ್ಕೆ ಎರಡು ಸಲ ಒಡಪಿನ ಹೊತ್ತಿಗಾಗಿ ಕಾಯುತ್ತಿದ್ದೆವು. ನಿನ್ನೆಯದು ಇಂದು ಹೇಳುವಂತಿಲ್ಲ ಎಂದು ತಾವೇ ಕಟ್ಟಳೆ ಮಾಡಿಕೊಂಡರು. ರೊಟ್ಟಿ ಬಡಿಯುತ್ತ, ನೀರು ತರುತ್ತ ಹೊಸ ಒಡಪು ಕಟ್ಟಿಕೊಂಡು ಬರುವರು. ಗಂಡ ತಂದ ಬಳೆ, ಗಂಡ ತರದ ಸೀರೆ, ಅತ್ತೆಯ ಗೊರಕೆ, ಎಲ್ಲವೂ ಅದರೊಳಗೆ ಬಂದವು. ಗಂಡಸರು ಹತ್ತಿಯ ಚೀಲ ಇಳಿಸಿ ಬಾಗಿಲಲ್ಲಿ ನಿಂತು ಕೇಳುವರು. ಮನೆಯಲ್ಲಿ ಜಗಳವಾದವರು ಮಾತ್ರ ಚೀಲದ ಮರೆಗೆ ಹೋಗುವರು. ರಾಯರು ನಾಲ್ಕು ದಿನ ಗಡಿಯಾರ ಹಿಡಿದು ನಿಂತರು, ಐದನೆಯ ದಿನ ಅದನ್ನು ಮರೆತು ಬಂದರು. ಫಕೀರಪ್ಪನಿಗೆ ಕಟ್ಟಿಯ ಕೆಳಗಿನ ಓಣಿಯ ಬಾಗಿಲು ಕಾಯುವ ಕೆಲಸ ಕೊಡಿಸಿದ್ದು ಅವರೇ. ಹೊಸ ಎಣ್ಣೆಯವನು ಹೊರಗೆ ಬಂದ ಮೇಲೆ ಇವನು ಬಾಗಿಲಿಗೆ ಬೀಗ ಹಾಕಿ, ಕಡೆಯ ದನಿ ಕೊಡಬೇಕು. ಆ ಬೀಗ ಕಾಕಾ ಆ ಎಂಟು ದಿನಗಳಲ್ಲಿ ರಿಪೇರಿ ಮಾಡಿದ್ದು.

ಎಲ್ಲವೂ ಒಮ್ಮೆಲೇ ಸರಿಯಾಯಿತೆಂದು ನಾನು ಹೇಳಲಾರೆ. ಯುಗಾದಿ ಆಗಿ ಹದಿನೈದು ದಿನಕ್ಕೆ ಔಡಲೆಣ್ಣೆಯ ಡಬ್ಬಿಯೊಂದು ಬಿದ್ದು ಸಪ್ಪಳವಾಯಿತು, ಕಾಕಾ ಚಕ್ರ ಬಿಟ್ಟು ಕೂತರು. ಯಾರೂ ಏನೂ ಕೇಳಲಿಲ್ಲ. ತಿಪ್ಪವ್ವ ಒಂದನೇ ಜಿನ್ನಿನಿಂದ ತನ್ನ ಒಡಪನ್ನು ಮತ್ತೆ ಮೊದಲಿನಿಂದ ಹೇಳಿದಳು. ಸಾಲು ಪೂರ್ತಿ ಇನ್ನೊಂದು ಸಲ ಹೇಳಿತು. ಅವರು ಎದ್ದರು. ಇಂಥ ದಿನ ಮೂರೋ ನಾಲ್ಕೋ ಬಂದಿರಬೇಕು, ಆಮೇಲೆ ಬರಲಿಲ್ಲ.

ನನ್ನದೊಂದು ಮಾತ್ರ ಉಳಿದಿತ್ತು. ಫಕೀರಪ್ಪನ ಕೈ ಹೋದ ದಿನದಿಂದ ನಾನು ಕಿಟಕಿಯ ಹತ್ತಿರ ಕೂಡುತ್ತಿರಲಿಲ್ಲ. ಹಾಜರಿ ಹಾಕುವೆ, ಮೂಲೆಯಲ್ಲಿ ನಿಲ್ಲುವೆ, ಒಡಪು ಕೇಳಿ ನಗುವೆ. ಲಗ್ನ ಆಗದವಳಿಗೆ ಒಡಪು ಇಲ್ಲ ಎಂದು ನೆವ ಹೇಳುತ್ತಿದ್ದೆ. ನಿಜ ಏನೆಂದರೆ, ಆ ಪಡಸಾಲೆಯಲ್ಲಿ ಮತ್ತೆ ಗಟ್ಟಿಯಾಗಿ ದನಿ ತೆಗೆಯುವುದಕ್ಕೆ ನನಗೆ ಅಂಜಿಕೆ. ನಾನು ಏನಾದರೂ ಅಂದರೆ ಯಾರಿಗೋ ಏನೋ ಆಗುತ್ತದೆ ಅನಿಸುತ್ತಿತ್ತು. ಯಾರಿಗೂ ತಿಳಿದಿಲ್ಲ ಎಂದುಕೊಂಡಿದ್ದೆ.

ಬಯಲಿನ ಹತ್ತಿ ಮುಗಿಯುತ್ತ ಬಂತು. ಕಡೆಯ ದಿನ ಮಧ್ಯಾಹ್ನ ಪಡುವಣ ಕಡೆ ಮೋಡ ಕಟ್ಟಿ, ತಗಡಿನ ಮೇಲೆ ದಪ್ಪ ಹನಿ ಬೀಳಲು ಸುರುವಾಯಿತು. ಇನ್ನೊಂದು ಸಲ ಇಂಜಿನ್ನು ಹೊರಟರೆ ಹಂಗಾಮು ಮುಗಿಯಿತು. ಮೊದಲ ಭೋಂಗಾ ಕೂಗಿತು. ಎಲ್ಲರೂ ತಮ್ಮ ತಮ್ಮ ಒಳ್ಳೆಯ ಒಡಪು ಎತ್ತಿಟ್ಟುಕೊಂಡಿದ್ದರು, ಒಂದೊಂದಕ್ಕೂ ಚಪ್ಪಾಳೆ. ಫಕೀರಪ್ಪ ಬೀಗ ಹಾಕಿ ಕೂಗಿದ. ಎರಡನೆಯ ಭೋಂಗಾ ಕೂಗಲಿಲ್ಲ. ನಾವು ಕಾದೆವು.

ಕಿಟಕಿಯಲ್ಲಿ ಕಾಕಾನ ಮುಖ ಕಂಡಿತು. ಹಂಗಾಮಿನ ಮೊದಲಿನಲ್ಲಿ ಕಾಣುತ್ತಿದ್ದ ಹಾಗೇ. ಅವರು ಮೂಲೆಯಲ್ಲಿದ್ದ ನನ್ನನ್ನೇ ನೋಡಿ ಕೇಳಿದರು: "ಎಲ್ಲಾರೂ ಅದಾರೇನವಾ?"

ಪುಸ್ತಕ ನನ್ನ ಕಂಕುಳಲ್ಲಿತ್ತು. ಅದನ್ನು ಕೆಳಗಿಟ್ಟೆ. ಒಂದನೇ ಜಿನ್ನಿನಿಂದ ನಡೆದೆ. ತಿಪ್ಪವ್ವನ ಮುಖ ನೋಡಿದೆ, ಹಲ್ಲಿನ ಬಸವ್ವನ ಮುಖ, ಜಗಳದ ಬಸವ್ವನ ಮುಖ. ಇಪ್ಪತ್ನಾಲ್ಕು ಮುಖಗಳನ್ನು, ನಲವತ್ತೆಂಟು ಕೈಗಳನ್ನು ನೋಡಿದೆ. ಓಣಿಯ ಬಾಗಿಲಿಗೆ ಹೋಗಿ ಬೀಗ ಜಗ್ಗಿದೆ. ಫಕೀರಪ್ಪ ತನ್ನ ಒಂದು ಕೈಯಿಂದ ನನಗೆ ಚುರಮುರಿ ಮುಂದೆ ಮಾಡಿದ. ಯಾರೂ ನಗಲಿಲ್ಲ, ಯಾರೂ ಅವಸರ ಮಾಡಲಿಲ್ಲ, ರಾಯರು ಕೂಡ. ತಿರುಗಿ ಬಂದು ಕಿಟಕಿಯ ಮುಂದೆ ನಿಂತೆ.

"ಎಲ್ಲಾರೂ ಅದಾರ್ರಿ ಕಾಕಾ" ಎಂದೆ.

ಅವರು ಹೋಗಲಿಲ್ಲ. ಕಿಟಕಿಯ ಸರಳು ಹಿಡಿದು ಹಾಗೇ ನಿಂತಿದ್ದರು. ಆ ಕೈ ನಡುಗುತ್ತಿರಲಿಲ್ಲ.

"ಇನ್ನೂ ಒಂದ ದನಿ ಬರಬೇಕವಾ" ಎಂದರು. "ಎಲ್ಲಾರ ಹಾಜರಿ ತಗೊಳ್ಳಾಕಿ ಎಲ್ಲಿ ಅದಾಳ?"

ಮಳೆ ತಗಡಿನ ಮೇಲೆ ಜೋರಾಗಿತ್ತು. ಆದ್ದರಿಂದ ನಾನು ಬಹಳ ಗಟ್ಟಿಯಾಗಿ ಕೂಗಬೇಕಾಯಿತು.

"ನಾನೂ ಇಲ್ಲೇ ಅದೀನ್ರಿ."

ಕಾಕಾ ತಲೆಯಾಡಿಸಿ ಒಳಗೆ ಹೋದರು. ಭೋಂಗಾ ಕೂಗಿತು, ಇಂಜಿನ್ನು ಹೊರಟಿತು.